ಮಕ್ಕಳ ಲೆಕ್ಕ ಪದೇಪದೇ ತಪ್ತಿದೆಯಾ? ಇನ್ನೂ 20 ಲೆಕ್ಕ ಕೊಡೋ ಮುಂಚೆ ಎಲ್ಲಿ ಕೆಟ್ಟಿದೆ ಅಂತ ನೋಡಿ

ಸಂಜೆ ಹೊತ್ತು ನಮ್ಮನೇಗೆ ಆರೇಳು ಮಕ್ಕಳು ಲೆಕ್ಕ ಕಲಿಯೋಕೆ ಬರ್ತಾರೆ, 4ನೇ ಕ್ಲಾಸಿಂದ 6ನೇ ಕ್ಲಾಸ್ ತನಕ, ಅರ್ಧ ಕನ್ನಡ ಮೀಡಿಯಂ ಅರ್ಧ ಇಂಗ್ಲಿಷ್ ಮೀಡಿಯಂ, ಜೊತೆಗೆ ನಮ್ಮಕ್ಕನ ಮಗನೂ ಒಬ್ಬ, 5ನೇ ಕ್ಲಾಸು. ಬಿಟ್ಟು ಹೋಗೋಕೆ ಬರೋ ಅಪ್ಪ ಅಮ್ಮಂದಿರು ಹೇಳೋದು ಒಂದೇ ಮಾತು, "ಎಲ್ಲಾ ಬರುತ್ತೆ ಮೇಡಂ ಇವ್ನಿಗೆ, ಗಮನ ಇಲ್ಲ ಅಷ್ಟೆ, ಸ್ವಲ್ಪ ಜಾಸ್ತಿ ಲೆಕ್ಕ ಕೊಡಿ". ನಾನೂ ಮೊದಮೊದಲು ಹಂಗೇ ಮಾಡ್ತಿದ್ದೆ, ತಪ್ಪಾದ್ರೆ ಇನ್ನೂ ಹತ್ತು ಲೆಕ್ಕ, ಮತ್ತೆ ತಪ್ಪಾದ್ರೆ ಇನ್ನೂ ಇಪ್ಪತ್ತು. ಮಿಕ್ಸಿ ತಿರುಗ್ತಿಲ್ಲ ಅಂದ್ರೆ ಯಾರಾದ್ರೂ ಅದಕ್ಕೆ ಇನ್ನೊಂದು ಹಿಡಿ ಕಾಯಿತುರಿ ಹಾಕ್ತಾರಾ? ಪ್ಲಗ್ ನೋಡ್ತೀವಿ, ಜಾರ್ ಸರಿಯಾಗಿ ಕೂತಿದೆಯಾ ನೋಡ್ತೀವಿ, ಕೆಳಗಡೆ ಕೆಂಪು ಬಟನ್ ಒತ್ತಿ ನೋಡ್ತೀವಿ. ಮಕ್ಕಳ ಲೆಕ್ಕಕ್ಕೆ ಮಾತ್ರ ಕಾಯಿತುರಿ ಹಾಕ್ತಾನೇ ಇರ್ತೀವಿ.

ಗಮನ ಇಲ್ದೆ ಆಗೋ ತಪ್ಪು ಒಂದೊಂದು ಸಲ ಒಂದೊಂದು ಥರ ಇರುತ್ತೆ. ಹತ್ತು ಲೆಕ್ಕದಲ್ಲಿ ಎಂಟು ಒಂದೇ ಥರ ತಪ್ಪಿದ್ರೆ ಅದು ಗಮನದ ವಿಷಯಾನೇ ಅಲ್ಲ, ತಲೇಲಿ ಒಂದು ರೂಲ್ ಕೂತಿದೆ, ಮಗು ಆ ರೂಲನ್ನ ಬಹಳ ನಿಯತ್ತಾಗಿ ಪಾಲಿಸ್ತಾ ಇದೆ. ಮಜಾ ಏನಂದ್ರೆ ಆ ರೂಲ್ ಬೇರೆ ಎಲ್ಲೋ ಸರಿಯಾಗೇ ಇರುತ್ತೆ, ಎಷ್ಟೋ ಸಲ ಹೇಳಿಕೊಟ್ಟಿರೋರೂ ನಾವೇ. ಅದು ಯಾವ ರೂಲ್ ಅಂತ ಹುಡುಕೋದೇ ರಿಪೇರಿಯ ಮುಕ್ಕಾಲು ಕೆಲಸ.

ಮೊದಲು ಹಳೇ ನೋಟ್‌ಬುಕ್ ತೆಗೀರಿ

ಹೊಸ ಟೆಸ್ಟ್ ಏನೂ ಬೇಡ. ರಫ್ ನೋಟ್‌ಬುಕ್ ತೆಗೆದು ಕೆಂಪು ಗೀಟು ಬಿದ್ದಿರೋ ಲೆಕ್ಕ ಐದಾರು ಪಕ್ಕಪಕ್ಕ ಇಟ್ಕೊಳ್ಳಿ, ಉತ್ತರ ತಪ್ಪು ಅನ್ನೋದನ್ನ ಬಿಟ್ಟು ಆ ಉತ್ತರ ಹೆಂಗೆ ಬಂತು ಅಂತ ಮಾತ್ರ ನೋಡಿ. ಒಂದು ಹುಡುಗೀದು ಹಿಂಗಿತ್ತು:

52 − 38 = 26
403 − 157 = 354

ಎರಡನೇದು ನೋಡಿದ್ರೆ ತಲೆಬುಡ ಇಲ್ಲ ಅನ್ಸುತ್ತೆ. ಆದ್ರೆ ಬಿಡಿ ಸ್ಥಾನದಲ್ಲಿ 3ಕ್ಕೂ 7ಕ್ಕೂ ಎಷ್ಟು ವ್ಯತ್ಯಾಸ, 4. ಹತ್ತರ ಸ್ಥಾನದಲ್ಲಿ 0ಗೂ 5ಕ್ಕೂ, 5. ನೂರರಲ್ಲಿ 4ಕ್ಕೂ 1ಕ್ಕೂ, 3. ಪ್ರತಿ ಸ್ಥಾನದಲ್ಲೂ ದೊಡ್ಡದರಲ್ಲಿ ಚಿಕ್ಕದು ಕಳೆದಿದ್ದಾಳೆ, ಒಂದು ಕಡೆನೂ ಬಿಟ್ಟಿಲ್ಲ. ಒಂದನೇ ಕ್ಲಾಸಲ್ಲಿ "ಯಾವಾಗ್ಲೂ ದೊಡ್ಡದರಲ್ಲಿ ಚಿಕ್ಕದು ಕಳೀಬೇಕು ಪುಟ್ಟಿ" ಅಂತ ಹೇಳಿದ್ವಲ್ಲ, ಅದೇ ಇದು. ಅವಳು ಮರೆತಿಲ್ಲ, ನಾವು ಮರೆತಿದ್ದೀವಿ.

ಆಮೇಲೆ ಮಗೂನ ಪಕ್ಕ ಕೂರಿಸ್ಕೊಂಡು "ಹೆಂಗೆ ಮಾಡ್ದೆ, ನಂಗೆ ಹೇಳ್ಕೊಡು" ಅನ್ನಿ. "ಯಾಕೆ ತಪ್ಪು ಮಾಡ್ದೆ" ಅಂತ ಕೇಳಿದ್ರೆ ಏನೂ ಸಿಗಲ್ಲ, ಮಗು ಸುಮ್ನೆ ರಬ್ಬರ್ ಎತ್ಕೊಂಡು ಉಜ್ಜೋಕೆ ಶುರು ಮಾಡುತ್ತೆ. ಇನ್ನೊಂದು, ಸರಿಯಾಗಿರೋ ಲೆಕ್ಕದ ಬಗ್ಗೇನೂ ಕೇಳಿ. ತಪ್ಪಾದ್ದನ್ನ ಮಾತ್ರ ಕೇಳಿದ್ರೆ ಮಕ್ಕಳು ಜಾಣರು, "ಹೆಂಗೆ ಮಾಡ್ದೆ" ಅಂದ ತಕ್ಷಣ ತಪ್ಪಾಗಿದೆ ಅಂತ ಗೊತ್ತುಮಾಡ್ಕೊಂಡು ಉತ್ತರ ಬದಲಾಯಿಸಿಬಿಡ್ತಾರೆ. ಸರಿ ಉತ್ತರದ ಹಿಂದೆನೂ ಎಷ್ಟೋ ಸಲ ತಪ್ಪು ರೂಲ್ ಅಡಗಿರುತ್ತೆ, ಅದು ದಶಮಾಂಶದಲ್ಲಿ ಚೆನ್ನಾಗಿ ಕಾಣುತ್ತೆ, ಮುಂದೆ ಹೇಳ್ತೀನಿ.

ಸ್ಥಾನಬೆಲೆ: ಹೇಳಿದ್ದನ್ನ ಹೇಳಿದ ಹಂಗೇ ಬರೆಯೋದು

ಲಕ್ಷಣ: ಮುನ್ನೂರ ಐದು ಅಂದ್ರೆ 3005 ಅಂತ ಬರೀತಾರೆ, ನಾಲ್ಕು ಸಾವಿರದ ಎಪ್ಪತ್ತು ಅಂದ್ರೆ 400070. ಕಿವಿಗೆ ಬಿದ್ದ ಹಂಗೇ 300 ಬರೆದು ಪಕ್ಕದಲ್ಲಿ 5 ಇಟ್ಟಿದ್ದಾರೆ.

ಟೆಸ್ಟ್ ಮಾಡೋಕೆ ಸುಮ್ನೆ ಐದು ಸಂಖ್ಯೆ ಬಾಯಲ್ಲಿ ಹೇಳಿ ಬರೆಸಿ: 305, 350, 4007, 4070, 4700. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಲ್ಲಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಎಪ್ಪತ್ತೊಂಬತ್ತು ಅಂದ್ರೆ ಎಷ್ಟು ಅಂತಾನೇ ಗೊತ್ತಿರಲ್ಲ, ಅಂಗಡಿಯವ್ರು ಹೇಳಿದ್ರೆ "ಇಂಗ್ಲಿಷಲ್ಲಿ ಹೇಳಿ ಅಂಕಲ್" ಅಂತಾರೆ. ಅದು ಬೇರೆ ತೊಂದರೆ, ಸ್ಥಾನಬೆಲೆ ತೊಂದರೆ ಅಲ್ಲ, ಎರಡನ್ನೂ ಕಲಸಬೇಡಿ.

ರಿಪೇರಿಗೆ ನಾನು ಬಳಸೋದು ಹಳೇ ಮದುವೆ ಪತ್ರಿಕೆ, ರಟ್ಟು ಗಟ್ಟಿ ಇರುತ್ತೆ. ಸಾವಿರದ ಚೀಟಿ ನಾಲ್ಕು ಮನೆ ಉದ್ದ, ನೂರರದ್ದು ಮೂರು ಮನೆ, ಹತ್ತರದ್ದು ಎರಡು, ಬಿಡೀದು ಒಂದು, ಹಿಂಗೆ ಕತ್ತರಿಸಿ 4000, 70, 7 ಅಂತೆಲ್ಲಾ ಬರೀಬೇಕು. 4070 ಬೇಕು ಅಂದ್ರೆ 4000 ಚೀಟಿ ಮೇಲೆ 70 ಚೀಟೀನ ಬಲಗಡೆ ಅಂಚಿಗೆ ಸರಿಯಾಗಿ ಇಡಬೇಕು, ಆಗ ಸೊನ್ನೆ ಮುಚ್ಚಿಹೋಗಿ 4070 ಕಾಣುತ್ತೆ. ಮೇಲಿನ ಚೀಟಿ ಎತ್ತಿದ್ರೆ ಕೆಳಗಡೆ ಸೊನ್ನೆಗಳು ಹಂಗೇ ಇವೆ. 400070 ಬರೀತಿದ್ದ ಹುಡ್ಗ ಒಬ್ಬ ಮೂರು ದಿನ ಚೀಟಿ ಎತ್ತೋದು ಇಡೋದು ಅದನ್ನೇ ಆಟ ಆಡ್ದ, ನಾಲ್ಕನೇ ದಿನ ಚೀಟಿ ಇಲ್ದೆ ಬರೆದ. ಸರ್ಕಾರಿ ಶಾಲೆ 4, 5ನೇ ಕ್ಲಾಸಿನವ್ರಾದ್ರೆ ಗಣಿತ ಕಲಿಕಾ ಆಂದೋಲನದ ಕಿಟ್ಟಲ್ಲಿ ಬಿಡಿ ಹತ್ತು ನೂರರ ಬ್ಲಾಕ್ ಇರುತ್ತೆ, ಅವು ಕೈಗೆ ಸಿಕ್ಕಿದ್ರೆ ಇನ್ನೂ ಒಳ್ಳೇದು.

ಎರಡನೇ ಟೆಸ್ಟು ಸ್ವಲ್ಪ ಕಿಲಾಡಿ. "4527ರಲ್ಲಿ 5ರ ಸ್ಥಾನಬೆಲೆ ಎಷ್ಟು?" ಅಂದ್ರೆ ಎಲ್ಲರೂ 500 ಅಂತಾರೆ, ಪರೀಕ್ಷೇಲೂ ಮಾರ್ಕ್ಸ್ ಬರುತ್ತೆ. ಅದೇ "4527ರಲ್ಲಿ ಒಟ್ಟು ಎಷ್ಟು ನೂರು ಇವೆ?" ಅಂತ ಕೇಳಿ ನೋಡಿ. 5 ಅಂತಾರೆ. ಅಲ್ಲ, 45. ಬ್ಯಾಂಕಿಗೆ ಹೋಗಿ 4527 ರೂಪಾಯಿ ಕೊಡಿ, ಆದಷ್ಟೂ ನೂರರ ನೋಟಲ್ಲೇ ಕೊಡಿ ಅಂದ್ರೆ 45 ನೋಟು ಕೊಡ್ತಾರೆ ಅಲ್ವಾ. 5 ಅನ್ನೋ ಮಗೂಗೆ ಸ್ಥಾನದ ಹೆಸರು ಬಾಯಿಪಾಠ ಆಗಿದೆ, ಒಂದು ಸಾವಿರದೊಳಗೆ ಹತ್ತು ನೂರು ಕೂತಿದೆ ಅನ್ನೋದು ಇನ್ನೂ ಒಳಗೆ ಇಳಿದಿಲ್ಲ.

ಇದು ಇಳಿದಿಲ್ಲ ಅಂದ್ರೆ ಕಳೆಯೋ ಲೆಕ್ಕ ಎಷ್ಟು ಮಾಡಿಸಿದ್ರೂ ಅಲ್ಲಾಡ್ತಾನೇ ಇರುತ್ತೆ, ಅದ್ರಲ್ಲೂ ಮಧ್ಯ ಸೊನ್ನೆ ಇದ್ರೆ. 5003 − 2468 ಕೊಡಿ. "ಮೂರರಲ್ಲಿ ಎಂಟು ಹೋಗಲ್ಲ, ಪಕ್ಕದಿಂದ ಸಾಲ ತಗೋ", ಪಕ್ಕದಲ್ಲಿ ಸೊನ್ನೆ, ಅದರ ಪಕ್ಕಾನೂ ಸೊನ್ನೆ, ಮಗು ಪೆನ್ಸಿಲ್ ಕಚ್ಕೊಂಡು ಕೂರುತ್ತೆ. ಒಂದು ಹುಡುಗಿ ನನ್ನ ಕೇಳಿದ್ಲು, "ಆಂಟಿ, ಸಾಲ ಅಂದ್ರೆ ವಾಪಸ್ ಕೊಡ್ಬೇಕಲ್ವಾ, ಯಾವಾಗ ಕೊಡೋದು?" ನಂಗೆ ನಗು ಬಂತು, ಆಮೇಲೆ ಇವಳು ಹೇಳಿದ್ದು ಸರಿ ಅನ್ನಿಸ್ತು, ನಾವು ಸಾಲ ತಗೋತಾನೇ ಇಲ್ಲ, ಚಿಲ್ಲರೆ ಮಾಡಿಸ್ತಾ ಇದೀವಿ. ಅವತ್ತಿಂದ ನಮ್ಮನೇಲಿ ಸಾಲ ಅನ್ನೋ ಪದ ಬಂದ್, ಎಲ್ಲಾ ಚಿಲ್ಲರೆ. ಆಟದ ನೋಟು ಇಟ್ಕೊಂಡು ಸಾವಿರದ್ದು ಒಂದು ಕೊಟ್ಟು ಹತ್ತು ನೂರರ ನೋಟು, ನೂರು ಒಂದು ಕೊಟ್ಟು ಹತ್ತು ಹತ್ತರ ನೋಟು, ಹಂಗೆ ಮುರಿಸ್ಕೊಂಡು ಬರೋದು. ನಾಲ್ಕೈದು ಸಲ ಮುರಿಸಿದ ಮೇಲೆ ಅಡ್ಡದಾರೀನೂ ತೋರಿಸಬಹುದು: 5003 ಅಂದ್ರೆ 500 ಹತ್ತರ ನೋಟು, ಜೊತೆಗೆ 3 ಬಿಡಿ. ಒಂದು ಹತ್ತು ಮುರಿದ್ರೆ 499 ಹತ್ತು, 13 ಬಿಡಿ. 13ರಲ್ಲಿ 8 ಹೋದ್ರೆ 5, 499ರಲ್ಲಿ 246 ಹೋದ್ರೆ 253, ಉತ್ತರ 2535. "ಎಷ್ಟು ನೂರು ಇವೆ" ಅನ್ನೋ ಪ್ರಶ್ನೆಗೆ 45 ಅಂದೋರಿಗೆ ಇದು ತಕ್ಷಣ ಹೊಳೆಯುತ್ತೆ, 5 ಅಂದೋರಿಗೆ ಹೊಳೆಯಲ್ಲ, ಅದಕ್ಕೇ ಆ ಟೆಸ್ಟ್ ಮೊದಲು.

ಅಲ್ಪವಿರಾಮದ್ದು ಒಂದು ಚಿಕ್ಕ ಗಲಾಟೆ ಇದೆ. ಮೊಬೈಲ್ ಆ್ಯಪಲ್ಲಿ ಪ್ರಾಕ್ಟೀಸ್ ಮಾಡೋ ಮಕ್ಕಳು 100,000 ಅಂತ ನೋಡಿರ್ತಾರೆ, ಪುಸ್ತಕದಲ್ಲಿ 1,00,000. ಎರಡೂ ಒಂದು ಲಕ್ಷಾನೇ, ನಮ್ಮದ್ರಲ್ಲಿ ಬಲಗಡೆಯಿಂದ ಮೊದಲು ಮೂರು ಆಮೇಲೆ ಎರಡೆರಡು, ಅವರದ್ರಲ್ಲಿ ಮೂರ್ಮೂರು, ಹತ್ತು ಲಕ್ಷ ಅವರ ಒಂದು ಮಿಲಿಯನ್. ಒಂದು ಸಲ ಹೇಳಿದ್ರೆ ಸಾಕು, ಇದಕ್ಕೆ ವಾರಗಟ್ಟಲೆ ಬೇಕಾಗಲ್ಲ.

ದಶಮಾಂಶ: ಇಲ್ಲೇ ನಿಜವಾದ ಕಾಟ

ಎರಡು ಪ್ರಶ್ನೆ ಕೇಳಿ, ಎರಡನ್ನೂ ಕೇಳಲೇಬೇಕು, ಒಂದನ್ನ ಕೇಳಿ ಬಿಟ್ರೆ ಮೋಸ ಹೋಗ್ತೀರ.

0.5 ದೊಡ್ಡದಾ, 0.45 ದೊಡ್ಡದಾ?
0.3 ದೊಡ್ಡದಾ, 0.75 ದೊಡ್ಡದಾ?

ಮೊದಲನೇದಕ್ಕೆ 0.45 ಅಂದು ಎರಡನೇದಕ್ಕೆ 0.75 ಅಂದ್ರೆ "ಉದ್ದ ಇರೋದು ದೊಡ್ಡದು" ಅನ್ನೋ ರೂಲು, 45 ಅನ್ನೋದು 5ಕ್ಕಿಂತ ದೊಡ್ಡದಲ್ವಾ ಅಂತ. ಪೂರ್ಣ ಸಂಖ್ಯೆಗೆ ಇದು ಯಾವತ್ತೂ ಕೈ ಕೊಡದೇ ಇರೋ ರೂಲ್, ಅಂಕಿ ಜಾಸ್ತಿ ಇದ್ರೆ ಸಂಖ್ಯೆ ದೊಡ್ಡದೇ. ಇನ್ನೊಂದು ಜಾತಿ ಇದೆ, ಮೊದಲನೇದಕ್ಕೆ ಸರಿಯಾಗಿ 0.5 ಅಂತಾರೆ, ನಾವು ಶಭಾಷ್ ಅಂತೀವಿ, ಎರಡನೇದಕ್ಕೆ 0.3 ಅಂತಾರೆ! "ದಶಾಂಶ (ಹತ್ತರಲ್ಲಿ ಒಂದು ಪಾಲು) ದೊಡ್ಡ ಚೂರು, ಶತಾಂಶ (ನೂರರಲ್ಲಿ ಒಂದು ಪಾಲು) ಚಿಕ್ಕ ಚೂರು, ಅದಕ್ಕೆ ಗಿಡ್ಡ ಇರೋದೇ ದೊಡ್ಡದು" ಅಂತ ಲೆಕ್ಕ ಹಾಕಿರ್ತಾರೆ. ಅರ್ಧ ಪಾಠ ಚೆನ್ನಾಗಿ ಅರ್ಥ ಆಗಿದೆ, ಚೂರು ಚಿಕ್ಕದಾದ್ರೂ 75 ಚೂರು ಇವೆ ಅನ್ನೋದು ಬಿಟ್ಟುಹೋಗಿದೆ. ಇಬ್ಬರಿಗೂ ಔಷಧಿ ಬೇರೆ. ಮೊದಲನೇ ಜಾತಿಗೆ ಚೂರಿನ ಸೈಜು ತೋರಿಸಬೇಕು, ಎರಡನೇ ಜಾತಿಗೆ ಚೂರು ಎಣಿಸೋದು. ಟೆಸ್ಟಲ್ಲಿ ಬರೀ 0.5, 0.45 ಥರದ್ದೇ ಕೊಟ್ರೆ ಎರಡನೇ ಜಾತಿಯವ್ರು ಹತ್ತಕ್ಕೆ ಹತ್ತು ತಗೊಂಡು ಮನೆಗೆ ಹೋಗ್ತಾರೆ.

ಓದೋ ರೀತೀನೂ ಕೆಡಿಸುತ್ತೆ. 0.45ನ "ಪಾಯಿಂಟ್ ನಲವತ್ತೈದು" ಅಂತ ಓದಿದ್ರೆ ಕಿವಿಗೆ 45 ಅಂತಾನೇ ಕೇಳಿಸುತ್ತೆ. "ಪಾಯಿಂಟ್ ನಾಲ್ಕು ಐದು" ಅಂತ ಬಿಡಿಬಿಡಿಯಾಗಿ ಓದಿಸಿ, ದೊಡ್ಡವ್ರೂ ಮನೇಲಿ ಹಂಗೇ ಓದಿ.

ಮತ್ತೆ ನಮ್ಮ ಸುತ್ತ ಚುಕ್ಕೆ ಇಟ್ಕೊಂಡು ದಶಮಾಂಶದ ವೇಷ ಹಾಕಿರೋವು ಎಷ್ಟಿವೆ ಗೊತ್ತಾ. ಕ್ರಿಕೆಟ್ ಓವರ್ ಮೊದಲನೇ ಕಳ್ಳ. 4.3 ಓವರ್ ಅಂದ್ರೆ ನಾಲ್ಕು ಓವರ್ ಮೂರು ಬಾಲ್, ಅಂದ್ರೆ ನಾಲ್ಕೂವರೆ ಓವರ್, 4.5 ಅಲ್ಲಿ ನಾಲ್ಕೂವರೆ ಅಲ್ಲ. 4.5 ಓವರಿಗೆ 3.4 ಓವರ್ ಕೂಡಿಸಿದ್ರೆ 7.9 ಅಲ್ಲ, 8.3. ನಮ್ಮಕ್ಕನ ಮಗನಿಗೆ 0.5 ಆದ ಮೇಲೆ ಏನೋ ಅಂದ್ರೆ ಒಂದು ಅಂದ, ಪಾಪ ಐಪಿಎಲ್ ನೋಡ್ಕೊಂಡು ಬೆಳೆದೋನು, ಅವನ ಪ್ರಪಂಚದಲ್ಲಿ ಅದು ನೂರಕ್ಕೆ ನೂರು ಸರಿ. ಪುಸ್ತಕದ ಪಾಠದ ನಂಬರ್ 3.9 ಆದ್ಮೇಲೆ 3.10 ಬರುತ್ತೆ, ಫೋನಿನ ಅಪ್‌ಡೇಟ್ ನಂಬರೂ ಹಂಗೇ. ಎತ್ತರ ಐದು ಪಾಯಿಂಟ್ ಹತ್ತು ಅಂತೀವಿ, ಅದು ಐದಡಿ ಹತ್ತಿಂಚು. ಗಂಟೆ 4.30 ಅಂತ ಬರೀತೀವಿ, ಅದು ನಾಲ್ಕೂವರೆ. ಇವೆಲ್ಲಾ ತಪ್ಪು ಅಂತ ಮಕ್ಕಳಿಗೆ ಹೇಳೋ ಹಂಗೂ ಇಲ್ಲ. ನಾನು ಒಂದು ಹಾಳೇಲಿ ಎರಡು ಗುಂಪು ಮಾಡಿಸ್ತೀನಿ, "ಹತ್ತಾದ್ರೆ ಪಕ್ಕದ ಮನೆಗೆ ಹೋಗೋ ಚುಕ್ಕೆ" ಒಂದು ಕಡೆ, "ಸುಮ್ನೆ ಮಧ್ಯ ಗೋಡೆ ಥರ ಇರೋ ಚುಕ್ಕೆ" ಇನ್ನೊಂದು ಕಡೆ. ಓವರ್ರು, ಗಂಟೆ, ಎತ್ತರ, ಪಾಠದ ನಂಬರ್ ಎಲ್ಲಾ ಗೋಡೆ ಕಡೆ. ತೂಕ, ಲೀಟರ್, ಜ್ವರದ ಥರ್ಮಾಮೀಟರ್ ಈ ಕಡೆ. ಮಕ್ಕಳು ಮನೆಯಿಂದ ಹುಡುಕ್ಕೊಂಡು ಬರ್ತಾರೆ, ಮಜಾ ಇರುತ್ತೆ.

ಪುಸ್ತಕ ನೋಡಿದ್ರೆ ದಶಮಾಂಶ ಹೇಳ್ಕೊಡೋಕೆ ರೂಪಾಯಿ ಪೈಸೆ ತಗೋತಾರೆ. ನಮ್ಮ ಕಾಲಕ್ಕೆ ಸರಿ. ನಾಲ್ಕಾಣೆ ನಾಣ್ಯ ಚಲಾವಣೆ ನಿಂತಿದ್ದು 2011ರಲ್ಲಿ, ಈಗ 5ನೇ ಕ್ಲಾಸಲ್ಲಿರೋ ಮಗು ಹುಟ್ಟೇ ಇರ್ಲಿಲ್ಲ ಆವಾಗ. 50 ಪೈಸೆ ಲೆಕ್ಕಕ್ಕೆ ಇದೆ, ಅಂಗಡೀಲಿ ಕೊಟ್ರೆ ಯಾರೂ ತಗೊಳಲ್ಲ. ಪೈಸೆ ಅಂದ್ರೇನು ಅಂತ ಮೊದಲು ಹೇಳ್ಕೊಟ್ಟು ಆಮೇಲೆ ಅದ್ರಿಂದ ದಶಮಾಂಶ ಹೇಳ್ಕೊಡೋದು ಅಂದ್ರೆ ಕಂಡಿರದ ಊರಿಗೆ ಇನ್ನೊಂದು ಕಂಡಿರದ ಊರಿನ ದಾರಿ ತೋರಿಸಿದ ಹಂಗೆ.

ಅದಕ್ಕೆ ನಾನು ಹೋಗಿದ್ದು ಸಂತೆಗೆ. ಭಾನುವಾರ ನಮ್ಮಕ್ಕನ ಮಗನ್ನ ಕರ್ಕೊಂಡು ಹೋಗುವಾಗ ಬೇಕೂಂತಲೇ ಚೀಟೀಲಿ ಬೀನ್ಸ್ 0.5 ಕೆಜಿ, ಹಸಿಮೆಣಸಿನಕಾಯಿ 0.250 ಕೆಜಿ, ಟೊಮೇಟೊ 1.5 ಕೆಜಿ ಅಂತ ಬರೆದಿದ್ದೆ. ದಾರೀಲಿ ಕೇಳಿದೆ, ಬೀನ್ಸ್ ಜಾಸ್ತಿನೋ ಮೆಣಸಿನಕಾಯಿ ಜಾಸ್ತಿನೋ. "ಮೆಣಸಿನಕಾಯಿ ಚಿಕ್ಕಮ್ಮ, 250 ಇದೆ, ಬೀನ್ಸ್ ಬರೀ 5" ಅಂದ. ಸರಿ ಅಂತ ಸುಮ್ನಿದ್ದೆ. ತರಕಾರಿ ಅಜ್ಜಿ ಹತ್ರ ಅವನೇ ಚೀಟಿ ಓದ್ದ, ಸೊನ್ನೆ ಪಾಯಿಂಟ್ ಇನ್ನೂರೈವತ್ತು ಅಂತ. ಅಜ್ಜಿ "ಏನಪ್ಪಾ ಅದು, ಕಾಲು ಕೆಜಿ ಅನ್ನು" ಅಂತ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಹಾಕ್ತು, 0.250 ಅಂತ ಬಂತು. ಆಮೇಲೆ ನಾನು ಅರ್ಧ ಕೆಜಿ ಬೀನ್ಸ್ ಅಂದೆ. ಅಜ್ಜಿ ಎರಡು ಬೀನ್ಸ್ ಹಾಕಿ ಒಂದು ತೆಗೆದು ಸರಿ ಮಾಡಿದ್ಮೇಲೆ ಕೆಂಪು ಅಕ್ಷರದಲ್ಲಿ 0.500. ಇವನು ಒಂದು ಸಲ ಚೀಟಿ ನೋಡ್ದ, ಒಂದು ಸಲ ತಕ್ಕಡಿ ನೋಡ್ದ. "ನೀವು ಐದು ಅಂತ ಬರೆದಿದ್ರಿ, ಇದು ಐನೂರು ಅಂತಿದೆ." ನಾನು ಏನೂ ಹೇಳ್ಲಿಲ್ಲ. ವಾಪಸ್ ಬರುವಾಗ ಬಸ್ ಸ್ಟಾಪ್ ಹತ್ರ ಅವನೇ ಕೇಳ್ದ, "0.50 ಅಂತ ಬರೆದಿದ್ರೂ ಅಷ್ಟೇ ಹಾಕ್ತಿದ್ರಾ?"

ಕಾಲು ಅರ್ಧ ಮುಕ್ಕಾಲು ಅನ್ನೋ ನಮ್ಮ ಪದಗಳು ಇಲ್ಲಿ ಬಹಳ ಕೆಲಸಕ್ಕೆ ಬರ್ತವೆ, ಹುಬ್ಬಳ್ಳಿ ಕಡೆಯವ್ರಾದ್ರೆ ಪಾವ್ ಕಿಲೋ ಅಂತಾರೆ. ಮಗೂಗೆ ಕಾಲು ಕೆಜಿ ಎಷ್ಟು ಭಾರ ಅಂತ ಕೈಗೆ ಗೊತ್ತಿರುತ್ತೆ, ಆ ಗೊತ್ತಿರೋದಕ್ಕೆ 0.250 ಅನ್ನೋ ಹೊಸ ಹೆಸರು ಅಂಟಿಸೋದು ಅಷ್ಟೆ.

ಆದ್ರೆ ತಕ್ಕಡಿಗೆ ಅಂಟ್ಕೊಂಡ್ರೆ ಹೊಸ ದೋಷ ಹುಟ್ಟುತ್ತೆ, ಇದನ್ನ ನಾನು ತಡವಾಗಿ ಕಂಡ್ಕೊಂಡೆ. ಮಗು ಚುಕ್ಕೆ ಆದ್ಮೇಲಿರೋದನ್ನ ಗ್ರಾಂ ಅಂತ ಓದೋಕೆ ಶುರು ಮಾಡುತ್ತೆ, ಅಂದ್ರೆ ಈ ಕಡೆ ಒಂದು ಸಂಖ್ಯೆ ಕೆಜಿ, ಆ ಕಡೆ ಇನ್ನೊಂದು ಸಂಖ್ಯೆ ಗ್ರಾಂ, ಮಧ್ಯ ಗೋಡೆ. ರೂಪಾಯಿ ಪೈಸೇಲೂ ಇದೇ ಕಥೆ. ಉತ್ತರ ಸರಿ ಬರ್ತಿರುತ್ತೆ, ದಶಾಂಶ ಅಂದ್ರೆ ಹತ್ತರಲ್ಲಿ ಒಂದು ಪಾಲು ಅನ್ನೋದು ಮಾತ್ರ ಇರಲ್ಲ. ಕಂಡುಹಿಡಿಯೋಕೆ 0.3ಕ್ಕೂ 0.4ಕ್ಕೂ ಮಧ್ಯ ಏನಾದ್ರೂ ಸಂಖ್ಯೆ ಇದೆಯಾ ಅಂತ ಕೇಳಿ, ಇಲ್ಲ ಅಂದ್ರೆ ತಕ್ಕಡಿ ಬದಿಗಿಟ್ಟು ಪಟ್ಟಿ ಹಿಡೀರಿ. ಹಳೇ ಕ್ಯಾಲೆಂಡರ್ ಹಿಂಬದಿಯಿಂದ ಎರಡು ತುಂಡು ಅಂಟಿಸಿ ಒಂದು ಮೀಟರ್ ಉದ್ದದ ಪಟ್ಟಿ, 10 ಸೆಂಟಿಮೀಟರಿಗೊಂದು ಗೀಟು, ಅದು ದಶಾಂಶ. ಒಂದು ದಶಾಂಶದ ಒಳಗೆ ಮತ್ತೆ ಹತ್ತು ಗೀಟು, ಅದು ಶತಾಂಶ. ನೆಲದ ಮೇಲೆ ಹಾಸಿ 0.3 ಎಲ್ಲಿ, 0.75 ಎಲ್ಲಿ, 0.08 ಎಲ್ಲಿ ಅಂತ ಹುಣಸೆಬೀಜ ಇಡಿಸಿ. 0.08 ಇಡುವಾಗ ಸುಮಾರು ಮಕ್ಕಳು 0.8 ಮೇಲೆ ಇಟ್ಟು ಆಮೇಲೆ ತಾವೇ ಎತ್ಕೊಂಡು ಹಿಂದಕ್ಕೆ ಬರ್ತಾರೆ, ಆ ಎತ್ಕೊಂಡು ಬರೋದು ಹತ್ತು ಲೆಕ್ಕಕ್ಕೆ ಸಮ.

ಇನ್ನು ಕೂಡೋದು ಗುಣಿಸೋದು. 3.4 + 12 = 4.6 ಅಂತ ಬಂದ್ರೆ ಬಲಗಡೆ ಅಂಚಿಗೆ ಸರಿಯಾಗಿ ಬರೆದು ಕೂಡಿಸಿದ್ದಾರೆ, 12ರ 2 ಹೋಗಿ 4ರ ಕೆಳಗೆ ಕೂತಿದೆ. ಪೂರ್ಣ ಸಂಖ್ಯೆಗೆ ನಾವೇ ಹೇಳ್ಕೊಟ್ಟ ರೂಲು. ಚೌಕ ಮನೆ ಇರೋ ಮ್ಯಾಥ್ಸ್ ನೋಟ್‌ಬುಕ್ಕಲ್ಲಿ ಒಂದು ಮನೆಗೆ ಒಂದು ಅಂಕಿ, ಚುಕ್ಕೆ ಗೆರೆ ಮೇಲೆ, 12ನ 12.0 ಅಂತ ಬರೆಸಿ, ಒಂದು ವಾರದಲ್ಲಿ ಹೋಗುತ್ತೆ.

2.5 × 10 = 2.50 ಅನ್ನೋದು ಮಾತ್ರ ನನ್ನ ತಪ್ಪು, ಒಪ್ಕೋತೀನಿ. "ಹತ್ತರಿಂದ ಗುಣಿಸಿದ್ರೆ ಒಂದು ಸೊನ್ನೆ ಹಾಕು" ಅಂತ 3ನೇ ಕ್ಲಾಸಿನ ಮಕ್ಕಳಿಗೆ ನಾನೇ ಹೇಳ್ಕೊಟ್ಟಿದ್ದೆ, ಬೇಗ ಆಗುತ್ತೆ ಅಂತ. ಈಗ ಸೊನ್ನೆ ಹಾಕು ಅನ್ನಲ್ಲ, ಅಂಕಿಗಳೆಲ್ಲಾ ಒಂದೊಂದು ಮನೆ ಎಡಕ್ಕೆ ಹೋಗ್ತವೆ ಅಂತೀನಿ, ಖಾಲಿ ಆದ ಮನೇಲಿ ಬೇಕಾದ್ರೆ ಸೊನ್ನೆ ಕೂರುತ್ತೆ. ಈಗಾಗ್ಲೇ ಕೆಟ್ಟಿರೋದಕ್ಕೆ ಹಾಲಿನ ಪ್ಯಾಕೆಟ್ ಕೇಳಿ: ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ಹತ್ತು ತಂದ್ರೆ ಎಷ್ಟು ಲೀಟರ್? 0.5 × 10 = 0.50 ಅಂತ ಬರೆದೋರಿಗೆ "ಹಂಗಾದ್ರೆ ಹತ್ತು ಪ್ಯಾಕೆಟ್ ತಂದ್ರೂ ಅರ್ಧ ಲೀಟರೇ ಆಯ್ತಲ್ಲೋ, ಹಾಲಿನವನು ಮೋಸ ಮಾಡ್ದ" ಅಂದ್ರೆ ಸಾಕು.

ವಾಕ್ಯದ ಲೆಕ್ಕ: ಲೆಕ್ಕ ಕೆಟ್ಟಿದೆಯಾ ವಾಕ್ಯ ಕೆಟ್ಟಿದೆಯಾ

ಇಲ್ಲಿ ಮೊದಲು ಮಾಡಬೇಕಾದ್ದು ದೋಷ ಎಲ್ಲಿದೆ ಅಂತ ಬೇರೆ ಮಾಡೋದು. ತಪ್ಪಾದ ಲೆಕ್ಕಾನ ನೀವೇ ಓದಿ ಹೇಳಿ. ಕೇಳಿಸ್ಕೊಂಡು ಸರಿಯಾಗಿ ಮಾಡಿದ್ರೆ ತೊಂದರೆ ಓದೋದ್ರಲ್ಲಿ, ಗಣಿತಕ್ಕೆ ಕೈ ಹಾಕಬೇಡಿ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡದಲ್ಲಿ ಕಥೆ ಥರ ಹೇಳಿ ನೋಡಿ, ನಮ್ಮಲ್ಲಿ ಒಬ್ಳಿಗೆ "ಈಚ್" ಅನ್ನೋ ಪದ ಗೊತ್ತಿಲ್ದೆ ಇಡೀ ಗುಣಾಕಾರದ ಪಾಠ ತಪ್ತಿತ್ತು, "ಒಬ್ಬೊಬ್ರಿಗೂ" ಅಂದ ತಕ್ಷಣ ಸರಿಹೋಯ್ತು. ಓದಿ ಹೇಳಿದ್ರೂ ತಪ್ಪಿದ್ರೆ, "ಕೂಡ್ಬೇಕಾ ಕಳೀಬೇಕಾ" ಅಂತ ಮಗು ನಿಮ್ಮ ಮುಖ ನೋಡ್ತಿದ್ರೆ, ಆಗ ಮುಂದಿನದು.

ಪದ ನೋಡಿ ಚಿಹ್ನೆ ಹಾಕೋ ರೋಗ. ಒಟ್ಟು ಅಂದ್ರೆ ಕೂಡು, ಉಳಿದದ್ದು ಅಂದ್ರೆ ಕಳಿ, ಜಾಸ್ತಿ ಅಂದ್ರೆ ಕೂಡು. ಈ ಪಟ್ಟೀನ ಎಷ್ಟೋ ಕಡೆ ಗೋಡೆ ಮೇಲೇ ಅಂಟಿಸಿರ್ತಾರೆ, ನಂಗೆ ನೋಡಿದ್ರೆ ಕಿತ್ತು ಹಾಕೋಣ ಅನ್ಸುತ್ತೆ. ಇದನ್ನ ಕೊಡಿ: ಗೌರಮ್ಮನ ಹತ್ರ 15 ಕೋಳಿ ಇವೆ, ಇದು ಸೀತಮ್ಮನ ಹತ್ರ ಇರೋದಕ್ಕಿಂತ 6 ಜಾಸ್ತಿ, ಸೀತಮ್ಮನ ಹತ್ರ ಎಷ್ಟು? ಪಟ್ಟಿ ಕಲಿತ ಮಗು 21 ಅನ್ನುತ್ತೆ, ಸರಿ ಉತ್ತರ 9. ಫ್ರಾನ್ಸಲ್ಲಿ 1980ರ ಆಸುಪಾಸಲ್ಲಿ ಮಕ್ಕಳಿಗೆ ಕೇಳಿದ ಒಂದು ಪ್ರಶ್ನೆ ಇದೆ, ಹಡಗಲ್ಲಿ 26 ಕುರಿ 10 ಮೇಕೆ ಇವೆ, ಹಡಗಿನ ಕ್ಯಾಪ್ಟನ್ ವಯಸ್ಸೆಷ್ಟು ಅಂತ, ತುಂಬಾ ಮಕ್ಕಳು 36 ಅಂದ್ರಂತೆ. ನಾನೂ ಕುರಿ ಕಾಯೋ ತಾತನ ವಯಸ್ಸು ಅಂತ ಬದಲಾಯಿಸಿ ಕೇಳಿದೆ, ಆರು ಜನದಲ್ಲಿ ನಾಲ್ಕು ಜನ 36 ಅಂದ್ರು, ಒಬ್ಳು "16 ಆದ್ರೆ ತಾತ ಆಗಲ್ವಲ್ಲ, ಅದಕ್ಕೆ ಕೂಡಿದೆ" ಅಂತ ಕಾರಣಾನೂ ಕೊಟ್ಲು.

ಇದಕ್ಕೆ ಕೆಲಸ ಮಾಡೋದು ಸಂಖ್ಯೆ ಮುಚ್ಚೋದು. ಲೆಕ್ಕದಲ್ಲಿರೋ ಅಂಕಿಗಳ ಮೇಲೆ ಬೆರಳಿಟ್ಟು ಕಥೆ ಹೇಳಿಸಿ, "ಗೌರಮ್ಮನ ಹತ್ರ ಒಂದಷ್ಟು ಕೋಳಿ, ಸೀತಮ್ಮನ ಹತ್ರ ಅದಕ್ಕಿಂತ ಕಮ್ಮಿ". ಯಾರ ಹತ್ರ ಜಾಸ್ತಿ ಅಂತ ಮೊದಲು ತೀರ್ಮಾನ ಆಗ್ಬೇಕು, ಆಮೇಲೆ ಎರಡು ಪಟ್ಟಿ ಚಿತ್ರ, ಉದ್ದದ್ದು ಗೌರಮ್ಮಂದು ಗಿಡ್ಡದ್ದು ಸೀತಮ್ಮಂದು, ಆಮೇಲೆ ಬೆರಳು ತೆಗೆದು ಅಂಕಿ ತುಂಬೋದು. ನಿಧಾನ ಅನ್ಸುತ್ತೆ, ಹೌದು ನಿಧಾನ, ದಿನಕ್ಕೆ ಎರಡೇ ಲೆಕ್ಕ ಆಗುತ್ತೆ.

ಶೇಷದ್ದು ಇನ್ನೊಂದು. 128 ಭಾಗಿಸು 50, ಭಾಗಲಬ್ಧ 2, ಶೇಷ 28, ಇಷ್ಟು ಎಲ್ಲರೂ ಮಾಡ್ತಾರೆ. 128 ಮಕ್ಕಳು ಟ್ರಿಪ್ಪಿಗೆ ಹೊರಟಿದ್ದಾರೆ, ಒಂದು ಬಸ್ಸಲ್ಲಿ 50 ಸೀಟು, ಎಷ್ಟು ಬಸ್ ಬೇಕು? 2 ಶೇಷ 28 ಬಸ್ಸು ಅಂತ ಬರೀತಾರೆ, 3 ಬೇಕು. 128 ರೂಪಾಯಿಗೆ 50 ರೂಪಾಯಿ ಪುಸ್ತಕ ಎಷ್ಟು ಬರುತ್ತೆ? 2. 128 ಮೀಟರ್ ಹಗ್ಗ 50 ಜನಕ್ಕೆ ಸಮ ಹಂಚಿದ್ರೆ? 2.56 ಮೀಟರ್. ಭಾಗಾಕಾರ ಒಂದೇ, ಉತ್ತರ ಮೂರು. ಮೂರನ್ನೂ ಒಂದೇ ದಿನ ಪಕ್ಕಪಕ್ಕ ಕೊಡಿ, ಬೇರೆಬೇರೆ ದಿನ ಕೊಟ್ರೆ ಇದ್ರ ರುಚಿ ಗೊತ್ತಾಗಲ್ಲ.

ದಶಮಾಂಶ ಮತ್ತೆ ವಾಕ್ಯ ಸೇರಿದ್ರೆ "ಭಾಗ ಮಾಡಿದ್ರೆ ಕಮ್ಮಿ ಆಗ್ಬೇಕು" ಅನ್ನೋ ರೂಲ್ ಎದ್ದು ಬರುತ್ತೆ. ಒಂದು ಬ್ಲೌಸಿಗೆ 0.8 ಮೀಟರ್ ಬಟ್ಟೆ, 4 ಮೀಟರಲ್ಲಿ ಎಷ್ಟು ಬ್ಲೌಸ್ ಆಗುತ್ತೆ ಅಂದ್ರೆ ಎಲ್ಲರೂ ಗುಣಿಸಿ 3.2 ಅಂದ್ರು, 4ಕ್ಕಿಂತ ಕಮ್ಮಿ ಬಂತಲ್ಲ ಅಂತ ಖುಷಿ ಬೇರೆ. ಒಬ್ಳು ಮಾತ್ರ ಐದು ಅಂದ್ಲು. ಅವಳ ಅಮ್ಮ ಟೈಲರಿಂಗ್ ಮಾಡ್ತಾರೆ. ಹೆಂಗೆ ಮಾಡ್ದೆ ಅಂದ್ರೆ ಬರೆದೇ ಇಲ್ಲ, ಗಾಳೀಲಿ ಕೈಯಲ್ಲಿ ಬಟ್ಟೆ ಅಳೆಯೋ ಹಂಗೆ ಮಾಡಿ ತೋರಿಸಿದ್ಲು, ಒಂದು ಎರಡು ಮೂರು ನಾಲ್ಕು ಐದು.

ಗಣಿತಕ್ಕೆ ಸಂಬಂಧಾನೇ ಇಲ್ಲದ ದೋಷ ಒಂದಿದೆ. ಪುಸ್ತಕದಿಂದ ಮಾಡಿದ ಲೆಕ್ಕ ಸರಿ, ಬೋರ್ಡ್ ಮೇಲಿಂದ ಬರ್ಕೊಂಡಿದ್ದು ಮಾತ್ರ ತಪ್ಪು, 8 ಹೋಗಿ 3, 6 ಹೋಗಿ 0 ಆಗಿದ್ರೆ ಕಣ್ಣು ತೋರಿಸಿ. ನಮ್ಮಲ್ಲಿ ಒಬ್ಬನಿಗೆ ಕನ್ನಡಕ ಬಂದ್ಮೇಲೆ ನಾನು ಹೇಳ್ಕೊಡೋಕೆ ಏನೂ ಉಳೀಲೇ ಇಲ್ಲ.

ಪ್ರಾಕ್ಟೀಸ್ ಎಷ್ಟು ಅಂತ ಕೇಳ್ತಾರೆ. ದೋಷ ಸಿಕ್ಕಿದ ಮೇಲೆ ದಿನಕ್ಕೆ ಹದಿನೈದು ನಿಮಿಷ ಸಾಕು, ಒಂದೇ ಥರದ್ದು ಸಾಲಾಗಿ ಕೊಡದೆ ಕಲಸಿ ಕೊಡಿ, ಸರಿಹೋಯ್ತು ಅನ್ಸಿದ್ಮೇಲೆ ಮೂರು ದಿನ ಬಿಟ್ಟು ಹೇಳದೇ ಕೇಳದೇ ಮತ್ತೊಂದು ಸಲ ಕೊಡಿ. ನಾನು ಒಬ್ಬೊಬ್ರಿಗೂ ಒಂದು ಹಾಳೆ ಇಟ್ಟಿದ್ದೀನಿ, ತಾರೀಖು, ಏನು ಬರೆದ್ರು, ಹೆಂಗೆ ಮಾಡಿದೆ ಅಂತ ಏನಂದ್ರು, ಅಷ್ಟೆ.

ನಮ್ಮಕ್ಕನ ಮಗನ ಹಾಳೇಲಿ ನಿನ್ನೇದು ಹಿಂಗಿದೆ: 10.03 − 2.468 = 7.578. 5003 ಲೆಕ್ಕ ಕಣ್ಣು ಮುಚ್ಕೊಂಡು ಮಾಡ್ತಾನೆ ಈಗ, ಸೊನ್ನೆ ದಾಟಿ ಚಿಲ್ಲರೆ ಮಾಡಿಸಿದ್ದೆಲ್ಲಾ ಇಲ್ಲೂ ಸರಿಯಾಗೇ ಮಾಡಿದ್ದಾನೆ, ಚುಕ್ಕೆ ಕೆಳಗೆ ಚುಕ್ಕೇನೂ ಇದೆ. ಕೊನೇ 8ರ ಮೇಲೆ ಮನೆ ಖಾಲಿ ಇತ್ತು, "ಮೇಲೆ ಯಾರೂ ಇಲ್ವಲ್ಲ ಚಿಕ್ಕಮ್ಮ, ಅದಕ್ಕೆ ಹಂಗೇ ಇಳಿಸಿದೆ" ಅಂದ. ಮೂರು ತಿಂಗಳ ಹಿಂದೆ ಸಂತೇಲಿ 0.5ಕ್ಕೂ 0.500ಕ್ಕೂ ವ್ಯತ್ಯಾಸ ಇಲ್ಲ ಅಂತ ಅವನೇ ಕಂಡುಹಿಡಿದಿದ್ದ, 10.03ನ 10.030 ಅಂತ ಬರೀಬಹುದು ಅನ್ನೋದು ಮಾತ್ರ ಅಲ್ಲಿಂದ ಇಲ್ಲಿಗೆ ಬಂದಿಲ್ಲ. ಈ ಭಾನುವಾರ ಮತ್ತೆ ಚೀಟಿ ಬರೀತಿದ್ದೀನಿ, ಈರುಳ್ಳಿ 2.5 ಕೆಜಿ ಅಂತ, ಅದ್ರಲ್ಲಿ 0.125 ಕೆಜಿ ಕೊಳೆತಿದ್ದು ತೆಗೆದ್ರೆ ಎಷ್ಟು ಉಳೀತು ಅಂತ ತಕ್ಕಡಿ ಮುಂದೆನೇ ಕೇಳ್ತೀನಿ.